ಹತ್ತೊಂಬತ್ತು ದಿನದ ಕ್ಯಾಪ್ಟನ್

ಮಾಜಿ ಸೈನಿಕರ ಸಂಘದ ಬಾಗಿಲು ದಾಟಿದರೆ ಎಡಕ್ಕೆ ಕೇರಂ ಆಡುವವರ ಗದ್ದಲ, ಬಲಕ್ಕೆ ಗಾಜಿನ ನೋಟೀಸ್ ಬೋರ್ಡು, ಅದರ ಕೆಳಗೆ ಗುಮಾಸ್ತರ ಮೇಜು. ಮೇಜಿನ ಮೇಲೆ ಒಂದು ಹಳೆಯ ಟೈಪ್‌ರೈಟರು, ಒಂದು ಭೂತಗನ್ನಡಿ, ಗುಂಡುಪಿನ್ನಿನ ಡಬ್ಬಿ, ತಟ್ಟೆ ಮುಚ್ಚಿದ ನೀರಿನ ಲೋಟ. ಇಷ್ಟೇ ಸರಂಜಾಮು ಇಟ್ಟುಕೊಂಡು ಅವರು ಏಳು ವರ್ಷದಲ್ಲಿ ಇಪ್ಪತ್ತಾರು ಜನರ ಬಂಡವಾಳ ಬಯಲಿಗೆಳೆದಿದ್ದರು. ತಾವು ಕರ್ನಲ್, ತಾವು ಮೇಜರ್, ತಾವು ಯುದ್ಧನೌಕೆಯ ಕಮಾಂಡರ್ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ ಇಪ್ಪತ್ತಾರು ಜನ.

ಗುಮಾಸ್ತರೇನೂ ಯುದ್ಧಕ್ಕೆ ಹೋದವರಲ್ಲ. ಬಂದೂಕು ಮುಟ್ಟಿದವರೂ ಅಲ್ಲ. ಸೈನ್ಯದ ದಾಖಲೆ ಕಚೇರಿಯಲ್ಲಿ ಮೂವತ್ತಾರು ವರ್ಷ ಕಾರ್ಡು ಮುಟ್ಟಿದವರು. ಸೈನ್ಯಕ್ಕೆ ಸೇರಿದ ಪ್ರತಿಯೊಬ್ಬನಿಗೂ ಅಲ್ಲಿ ಒಂದೊಂದು ಹಳದಿ ರಟ್ಟಿನ ಕಾರ್ಡು. ಹೆಸರು, ನಂಬರು, ದಳ, ಪದವಿ, ಬಿಡುಗಡೆಯಾದ ದಿನ. ಮನುಷ್ಯ ಸುಳ್ಳು ಹೇಳುತ್ತಾನೆ, ಕಾರ್ಡು ಹೇಳುವುದಿಲ್ಲ ಎಂಬುದೊಂದೇ ಅವರು ಆ ಕೆಲಸದಿಂದ ಕಲಿತು ಬಂದ ವಿದ್ಯೆ. ನಿವೃತ್ತಿಯಾದ ಮೇಲೆ ಸಂಘದ ಅಧ್ಯಕ್ಷರು ಕರೆದು ಈ ಮೇಜು ಕೊಟ್ಟರು. ಅಧ್ಯಕ್ಷರು ನಿಜವಾದ ಮೇಜರೇ. ಗುಮಾಸ್ತರು ಮೊದಲ ವಾರವೇ ಅವರ ಕಾರ್ಡನ್ನೂ ತರಿಸಿ ನೋಡಿದ್ದರು.

ಅವರ ಕೆಲಸದಲ್ಲಿ ಕೂಗಾಟ ಇರಲಿಲ್ಲ. ಸಂಘಕ್ಕೆ ಸೇರಲು ಬಂದವನಿಂದ ನಂಬರು, ದಳ ಬರೆಸಿಕೊಳ್ಳುವುದು, ಹಳೆಯ ಕಚೇರಿಗೆ ಬರೆದು ಕಾರ್ಡಿನ ನಕಲು ತರಿಸುವುದು, ಭೂತಗನ್ನಡಿ ಹಿಡಿದು ಓದುವುದು. ಕಾರ್ಡು ಒಂದು ಹೇಳಿ ಮನುಷ್ಯ ಇನ್ನೊಂದು ಹೇಳಿದರೆ ನೋಟೀಸ್ ಬೋರ್ಡಿನಲ್ಲಿ ಒಂದು ಸಾಲು ಹೆಚ್ಚುತ್ತಿತ್ತು. ಮೇಲೆ ಶೀರ್ಷಿಕೆ ಯಾವತ್ತೂ ಒಂದೇ: ‘ಈ ಕೆಳಗಿನವರು ಹೇಳಿಕೊಳ್ಳುವ ಪದವಿ ದಾಖಲೆಯಲ್ಲಿ ಕಂಡುಬರುವುದಿಲ್ಲ.’ ಸುಳ್ಳುಗಾರ ಎಂಬ ಪದವನ್ನು ಅವರು ಒಮ್ಮೆಯೂ ಟೈಪು ಮಾಡಿದವರಲ್ಲ. ಓದಿದವರು ತಾವೇ ಸೇರಿಸಿಕೊಳ್ಳುತ್ತಿದ್ದರು.

ಬಂದವರಾದರೂ ಎಂಥೆಂಥವರು! ಒಬ್ಬ ಕರ್ನಲ್ ಎದೆಯ ತುಂಬ ಪದಕ ಜೋಡಿಸಿಕೊಂಡು ಬಂದಿದ್ದ. ಗುಮಾಸ್ತರು ಭೂತಗನ್ನಡಿ ಹಿಡಿದು ನೋಡಿದರೆ ಒಂದರ ಮೇಲೆ ‘ಗುಂಡು ಎಸೆತ, ದ್ವಿತೀಯ’ ಎಂದಿತ್ತು. ಇನ್ನೊಬ್ಬ ಕಮಾಂಡರ್ ನಿಜಕ್ಕೂ ಹಡಗಿನಲ್ಲಿದ್ದವನೇ, ಆದರೆ ಅಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದ. ಅವನ ಹೆಂಡತಿ ಮಾರನೆಯ ದಿನ ಬಂದು, “ಅಳಿಯನ ಮುಂದೆ ಇವರ ಮುಖ ಉಳಿಸಿ, ಆ ಒಂದು ಸಾಲು ತೆಗೆದುಬಿಡಿ” ಎಂದು ಮೇಜಿನ ಅಂಚು ಹಿಡಿದು ಅತ್ತಳು. ಗುಮಾಸ್ತರು ಲೋಟದ ತಟ್ಟೆ ತೆಗೆದು ನೀರು ಕೊಟ್ಟರು. ಸಾಲು ತೆಗೆಯಲಿಲ್ಲ.

ಅವರಿಗೆ ಅದರಿಂದ ಖುಷಿಯಾಗುತ್ತಿತ್ತು ಎಂದುಕೊಂಡರೆ ತಪ್ಪು. ಮರುಕವೂ ಆಗುತ್ತಿರಲಿಲ್ಲ. ಒಳಗೆ ಏನೋ ಒಂದು ಬಹಳ ಹಿಂದೆಯೇ ಜೋಮು ಹಿಡಿದುಹೋಗಿತ್ತು, ಮತ್ತೆ ಬಿಟ್ಟಿರಲಿಲ್ಲ. ಹೆಂಡತಿ ತೀರಿಕೊಂಡ ದಿನ ಎಲ್ಲ ಮುಗಿಸಿ, ಮಧ್ಯಾಹ್ನ ಕಚೇರಿಗೆ ಹೋಗಿ, ಹಿಂದಿನ ದಿನ ತೆರೆದಿಟ್ಟು ಬಂದಿದ್ದ ಡ್ರಾಯರು ಮುಚ್ಚಿ ಬಂದವರು ಅವರು. ಮನೆಯಲ್ಲಿದ್ದ ಅಕ್ಕ ಆ ಸಂಗತಿಯನ್ನು ಇವತ್ತಿಗೂ ಹೊಟ್ಟೆಗೆ ಹಾಕಿಕೊಂಡಿಲ್ಲ.

ಅಕ್ಕನಿಗೆ ಎಪ್ಪತ್ತೆರಡು, ತಮ್ಮನಿಗೆ ಅರವತ್ತೇಳು. ಎರಡು ಕೋಣೆಯ ಮನೆಯಲ್ಲಿ ಇಬ್ಬರೇ. ಆ ತಿಂಗಳು ಅಕ್ಕನ ಬೀರುವಿನ ಬೀಗದ ಕೈ ಕಳೆದಿತ್ತು. ಕೊನೆಯ ಸಲ ತೆಗೆದು ಎಲ್ಲೋ ಇಟ್ಟವರು ಗುಮಾಸ್ತರೇ. “ಊರಿನವರ ಸುಳ್ಳನ್ನೆಲ್ಲ ಹಿಡೀತೀಯ. ಬೀಗದ ಕೈ ಎಲ್ಲಿಟ್ಟೆ ಅನ್ನೋದನ್ನ ಮಾತ್ರ ಹಿಡಿಯೋಕಾಗಲ್ಲ ನಿನಗೆ” ಎಂದು ಅಕ್ಕ ದಿನಕ್ಕೆರಡು ಸಲ ಚುಚ್ಚುತ್ತಿದ್ದಳು. “ಕ್ಯಾಪ್ಟನ್ ಹತ್ರ ಹೋಗಿ ಒಂದು ಮಾಡಿಸ್ಕೊಂಡು ಬಾರೋ.”

ಕ್ಯಾಪ್ಟನ್ ಎಂದರೆ ಎರಡು ಬೀದಿ ಆಚೆ, ಔಷಧಿ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಇರುಕಿಕೊಂಡ ಗೂಡಿನಲ್ಲಿ ಬೀಗ ರಿಪೇರಿ ಮಾಡುವ ಮುದುಕ. ನೀಲಿ ಬೋರ್ಡಿನ ಮೇಲೆ ಬಿಳಿ ಅಕ್ಷರದಲ್ಲಿ ‘ಕ್ಯಾಪ್ಟನ್ ಬೀಗ ರಿಪೇರಿ’ ಎಂದಿತ್ತು. ಒಳಗೆ ಮೊಳೆಗೊಂದರಂತೆ ನೂರಾರು ಬೀಗದ ಕೈಗಳು, ಪ್ರತಿಯೊಂದಕ್ಕೂ ದಾರ ಕಟ್ಟಿದ ರಟ್ಟಿನ ಚೀಟಿ. ಒಂದು ಬದಿ ಗಿರಾಕಿಯ ಹೆಸರು, ಇನ್ನೊಂದು ಬದಿ ಬೀಗದ ತೊಂದರೆ. ಎಪ್ಪತ್ತಮೂರು ದಾಟಿದ್ದರೂ ಅರ ಹಿಡಿದ ಕೈ ನಡುಗುತ್ತಿರಲಿಲ್ಲ. ಗುಮಾಸ್ತರು ಮೂವತ್ತು ವರ್ಷದಿಂದ ಆ ಅಂಗಡಿಯ ಗಿರಾಕಿ. ಆದರೆ ಸೈನ್ಯದ ಮಾತು ಇಬ್ಬರ ನಡುವೆ ಒಮ್ಮೆಯೂ ಬಂದಿರಲಿಲ್ಲ. ಕ್ಯಾಪ್ಟನ್ ಸಂಘದ ಸದಸ್ಯರೂ ಆಗಿರಲಿಲ್ಲ. ಸುಳ್ಳು ಪದವಿಯವರಿಗೆ ಬಾಯಿ ಜಾಸ್ತಿ. ಈ ಮನುಷ್ಯನಿಗೆ ಬಾಯೇ ಇರಲಿಲ್ಲ. ಅದನ್ನು ಗುಮಾಸ್ತರು ಆಗಲೇ ಯೋಚಿಸಬಹುದಿತ್ತು.

ಸಂಘದ ಅಂಗಳದಲ್ಲಿ ಒಂದು ಕಲ್ಲು ನಿಲ್ಲಿಸುವ ಮಾತು ಎದ್ದದ್ದು ಆಗಲೇ. ನಲವತ್ತೈದು ವರ್ಷದ ಹಿಂದೆ, ಒಂದು ಚಳಿಗಾಲದಲ್ಲಿ, ಸೈನ್ಯ ಗಡಿಯಿಂದ ಹಿಂದೆ ಸರಿಯಬೇಕಾಗಿ ಬಂದಿತ್ತು. ಆ ದಾರಿ ನಡೆದು ವಾಪಸು ಬಂದ ಈ ಊರಿನವರ ಹೆಸರು, ಪದವಿ ಕಲ್ಲಿನ ಮೇಲೆ ಕೆತ್ತಿಸಬೇಕು. ಹೆಸರು ಕೊಡುವವರು ಕೊಡಿ ಎಂದು ಸಂಘ ಕರೆಯಿತು. ಒಂದು ಬೆಳಿಗ್ಗೆ ಕ್ಯಾಪ್ಟನ್ ಮಗಳು, ಶಾಲೆಯಲ್ಲಿ ಪಾಠ ಹೇಳುವವಳು, ಅಪ್ಪನ ಅರ್ಜಿ ಹಿಡಿದು ಬಂದಳು.

“ಅಪ್ಪನಿಗೆ ಇಷ್ಟ ಇರ್ಲಿಲ್ಲ ಸಾರ್. ನಾನೇ ಬಲವಂತ ಮಾಡಿ ಬರೆಸಿದ್ದು.”

ಗುಮಾಸ್ತರು ಓದಿದರು. ಪದವಿ ಎಂಬಲ್ಲಿ ‘ಕ್ಯಾಪ್ಟನ್’ ಎಂದಿತ್ತು. ಎಷ್ಟು ಕಾಲ ಎಂಬಲ್ಲಿ ‘ಹತ್ತೊಂಬತ್ತು ದಿನ’.

“ವರ್ಷ ಅಲ್ವೇನಮ್ಮಾ? ದಿನ ಅಂತ ಬರೆದಿದೆ.”

“ದಿನಾನೇ ಸಾರ್. ಅದಕ್ಕಿಂತ ಒಂದಕ್ಷರ ಜಾಸ್ತಿ ಹೇಳಲ್ಲ ಅಪ್ಪ.”

ಅವಳು ಹೋದ ಮೇಲೆ ಅರ್ಜಿ ಕೇರಂ ಮೇಜಿನವರ ಕೈಗೆ ಹೋಯಿತು. “ಹತ್ತೊಂಬತ್ತು ದಿನ ಕ್ಯಾಪ್ಟನ್ನಾ? ಪದವೀನ ಬಾಡಿಗೆಗೆ ತಂದಿದ್ನೇನ್ರೀ?” ಎಂದೊಬ್ಬ ನಕ್ಕ. ಎಲ್ಲರೂ ನಕ್ಕರು. ಗುಮಾಸ್ತರು ನಗಲಿಲ್ಲ, ಅವರು ಯಾವುದಕ್ಕೂ ನಗುವವರಲ್ಲ.

ಹತ್ತು ದಿನದಲ್ಲಿ ಕಾರ್ಡಿನ ನಕಲು ಬಂತು. ಮುಂಬದಿ ಒಂದು ಹಾಳೆ, ಹಿಂಬದಿ ಒಂದು ಹಾಳೆ. ‘ಸಾರ್ಜೆಂಟ್, ಸಾಗಾಣಿಕೆ ದಳ’ ಎಂದಿತ್ತು. ಬಿಡುಗಡೆಯ ದಿನವೂ ಇತ್ತು. ಕ್ಯಾಪ್ಟನ್ ಎಂಬುದು ಎಲ್ಲೂ ಇರಲಿಲ್ಲ. ಹಿಂಬದಿಯ ಹಾಳೆ ಖಾಲಿ. ಮುಂಬದಿಯ ಬಲಮೂಲೆಯಲ್ಲಿ, ಬರೆದವರು ಸಹಿ ಮಾಡುವ ಜಾಗದಲ್ಲಿ, ಎರಡು ಸಣ್ಣ ಅಕ್ಷರ. ಗುಮಾಸ್ತರು ಭೂತಗನ್ನಡಿ ಹಿಡಿದರು. ಅವರದೇ ಸಹಿ, ಕೆಲಸಕ್ಕೆ ಸೇರಿದ ಮೊದಲ ವರ್ಷದ ಗುಂಡಗಿನ ಸಹಿ. ತಮ್ಮದೇ ಕೈಬರಹದ ಕಾರ್ಡು ಎಂದ ಮೇಲೆ ಇನ್ನು ನೋಡುವುದೇನು ಎಂದುಕೊಂಡರು. ಬೇರೆಯವರ ಸಹಿ ಇದ್ದಿದ್ದರೆ ಎರಡನೆಯ ಸಲ ನೋಡುತ್ತಿದ್ದರೋ ಏನೋ. ಅವತ್ತೇ ಬೋರ್ಡಿನಲ್ಲಿ ಇಪ್ಪತ್ತೇಳನೆಯ ಸಾಲು ಸೇರಿತು.

ಮಾರನೆಯ ದಿನ ಮಗಳು ಬಂದಳು. ಮುಖ ಕೆಂಪಗಾಗಿತ್ತು.

“ನಮ್ಮಪ್ಪ ಸುಳ್ಳು ಹೇಳ್ತಾರೆ ಅಂತೀರಾ?”

“ಹಾಗಂತ ನಾನೆಲ್ಲಿ ಅಂದೆನಮ್ಮಾ? ದಾಖಲೆಯಲ್ಲಿ ಇಲ್ಲ ಅಂದೆ.”

“ಎರಡೂ ಒಂದೇ ಅಲ್ವಾ ಸಾರ್? ಬೀದೀಲಿ ಜನ ಆಗಲೇ ಆಡ್ಕೊಂಡು ನಗ್ತಿದಾರೆ.”

ಗುಮಾಸ್ತರು ನೀರಿನ ಲೋಟದ ತಟ್ಟೆ ತೆಗೆದರು. ಅವಳು ಮುಟ್ಟದೆ ಹೋದಳು.

ಮೂರು ದಿನ ಬಿಟ್ಟು ಕ್ಯಾಪ್ಟನ್ನೇ ಬಂದರು. ಅಂಗಡಿಯ ಏಪ್ರನ್ನಿನಲ್ಲೇ ಬಂದಿದ್ದರು, ಬೆರಳ ತುದಿಯಲ್ಲಿ ಹಿತ್ತಾಳೆಯ ಪುಡಿ. ಕೇರಂ ಮೇಜಿನ ಸದ್ದು ನಿಂತಿತು. ಅವರು ಬೋರ್ಡಿನ ಮುಂದೆ ನಿಂತು ತಮ್ಮ ಸಾಲು ಓದಿಕೊಂಡು, ಆಮೇಲೆ ಮೇಜಿನ ಹತ್ತಿರ ಬಂದರು.

“ಕಾರ್ಡನ್ನ ತಿರುಗಿಸಿ ನೋಡಿದ್ರಾ?”

“ನೋಡಿದೆ. ಖಾಲಿ ಇದೆ.”

“ಖಾಲೀನಾ?” ಕ್ಯಾಪ್ಟನ್ ಬೆರಳಿನ ಪುಡಿಯನ್ನು ಏಪ್ರನ್ನಿಗೆ ಒರೆಸಿಕೊಂಡರು. “ಬಿಡುಗಡೆ ದಿನ ಸಹಿ ಹಾಕಿಸ್ಕೊಂಡಾಗ ನಾನು ತಿರುಗಿಸಿ ನೋಡಿದ್ದೆ. ಪೆನ್ಸಿಲ್ಲಲ್ಲಿ ಬರೆದಿದ್ರು.”

“ನನ್ನ ಹತ್ರ ಬಂದಿರೋದು ಖಾಲಿ.”

“ಸರಿ ಬಿಡಿ” ಎಂದು ಅವರು ಹೊರಟರು. ವಾದ ಮಾಡಲಿಲ್ಲ. ಬೈಯಲಿಲ್ಲ. ಬಾಗಿಲ ಹತ್ತಿರ ತಿರುಗಿ, “ನಿಮ್ಮ ಅಕ್ಕ ಬೀರು ಕೈ ಮಾಡಿಸ್ಬೇಕು ಅಂತಿದ್ರಂತಲ್ಲ, ಬನ್ನಿ” ಎಂದರು.

ಗುಮಾಸ್ತರು ಹೋಗಲಿಲ್ಲ. ಬಸ್ ನಿಲ್ದಾಣದ ಬಳಿ ಇನ್ನೊಬ್ಬನ ಹತ್ತಿರ ಕೈ ಮಾಡಿಸಿದರು, ಅದು ಬೀಗದೊಳಗೆ ಹೋಯಿತೇ ಹೊರತು ತಿರುಗಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಅದನ್ನು ತಿರುಗಿಸಲು ಹೆಣಗುತ್ತಾ ಬೀರುವಿನ ಮುಂದೆ ಕೂತಿದ್ದಾಗ, ಸುಮ್ಮನೆ, ಯಾರೂ ಏನೂ ಹೇಳದೆ, ಅವರಿಗೆ ಅದು ಹೊಳೆಯಿತು.

ಕಾರ್ಡಿನ ಹಿಂಬದಿ ರಜೆ, ಜ್ವರ, ಗಾಯ ಬರೆಯುವ ಜಾಗ. ಆ ಯುದ್ಧದ ಕಾಲದಲ್ಲಿ ಮಾತ್ರ, ಅಧಿಕಾರಿ ಸತ್ತು ಅವನ ಜಾಗಕ್ಕೆ ಅವಸರದಲ್ಲಿ ಇನ್ನೊಬ್ಬನನ್ನು ನಿಲ್ಲಿಸಿದಾಗ, ಆ ತಾತ್ಕಾಲಿಕ ಪದವಿಯನ್ನೂ ಅಲ್ಲೇ ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಿದ್ದರು. ಮರುವರ್ಷವೇ ಆ ಪದ್ಧತಿ ನಿಂತುಹೋಯಿತು. ಅದನ್ನು ಹೊರಗಿನವನು ಊಹಿಸಿ ಹೇಳುವಂತಿರಲಿಲ್ಲ. ತನ್ನ ಕಾರ್ಡನ್ನು ಕೈಯಾರೆ ತಿರುಗಿಸಿ ನೋಡಿದವನಿಗೆ ಮಾತ್ರ ಗೊತ್ತಿರುವ ಸಂಗತಿ.

ಆಮೇಲಿನದೂ ನೆನಪಾಯಿತು. ಅವರು ಕೆಲಸಕ್ಕೆ ಸೇರಿದ ವರ್ಷ ಗೋದಾಮಿನ ಸೂರು ಸೋರಿ ಸಾವಿರಾರು ಕಾರ್ಡು ನೆನೆದು ಉಬ್ಬಿದ್ದವು. ಹನ್ನೊಂದು ವಾರದಲ್ಲಿ ಎಲ್ಲವನ್ನೂ ಹೊಸ ಕಾರ್ಡಿಗೆ ನಕಲು ಮಾಡಿ ಮುಗಿಸಬೇಕೆಂದು ಅಪ್ಪಣೆಯಾಯಿತು. ವಿಭಾಗದ ಮುಖ್ಯಸ್ಥರು ಅವರ ಮೇಜಿನ ಮೇಲೆ ಬಾಗಿ, “ಮುಂಬದಿ ಮಾತ್ರ ಬರೀಯಯ್ಯ. ಹಿಂದೆ ಬರೀ ರಜೆ, ಜ್ವರದ ಗೀಚಾಟ, ಯಾರಿಗೆ ಬೇಕು?” ಎಂದಿದ್ದರು. ಇಪ್ಪತ್ನಾಲ್ಕು ವರ್ಷದ ಗುಮಾಸ್ತರು ಮುಂಬದಿ ಮಾತ್ರ ಬರೆದರು. ದಿನಕ್ಕೆ ನೂರಿಪ್ಪತ್ತು ಕಾರ್ಡು, ಎಲ್ಲರಿಗಿಂತ ವೇಗ. ಭೇಷ್ ಎನ್ನಿಸಿಕೊಂಡರು. ನೆನೆದ ಕಾರ್ಡುಗಳನ್ನು ಆಮೇಲೆ ಅಂಗಳದಲ್ಲಿ ರಾಶಿ ಹಾಕಿ ಸುಟ್ಟರು.

“ಏನಾಯ್ತೋ? ಮುಖ ಯಾಕೆ ಹಾಗಾಗಿದೆ?” ಎಂದಳು ಅಕ್ಕ.

ಗುಮಾಸ್ತರು ಹೇಳಿದರು. ಒಂದು ಅರ್ಜಿ ಓದಿ ಹೇಳುವಂತೆ, ಒಂದೇ ದನಿಯಲ್ಲಿ, ಮೊದಲಿಂದ ಕೊನೆವರೆಗೂ ಹೇಳಿದರು.

“ಅಯ್ಯೋ, ನಿಜವಾದ ಮನುಷ್ಯನ ಮರ್ಯಾದೆ ತೆಗೆದ್ಯಲ್ಲೋ!” ಎಂದು ಅಕ್ಕ ಹಣೆ ಚಚ್ಚಿಕೊಂಡಳು. ಅವಳಿಗೆ ಕಣ್ಣಲ್ಲಿ ನೀರು ಬಂತು. ಅವರಿಗೆ ಬರಲಿಲ್ಲ.

ಅವತ್ತು ಸಂಘಕ್ಕೆ ಹೋದವರೇ ಹಳೆಯ ಫೈಲು ಬಿಚ್ಚಿ ಇಪ್ಪತ್ತೇಳೂ ನಕಲುಗಳ ಬಲಮೂಲೆ ನೋಡಿದರು. ನಾಲ್ಕರ ಮೇಲೆ ಅವರ ಸಹಿ ಇತ್ತು. ಆ ನಾಲ್ವರಲ್ಲಿ ಒಬ್ಬರು ಕ್ಯಾಪ್ಟನ್. ಇಬ್ಬರು ಗಡಿ ಕಂಡವರೇ ಅಲ್ಲ. ನಾಲ್ಕನೆಯವನು ಬೋರ್ಡಿನ ಮೇಲೆ ಹೆಸರು ಬಿದ್ದ ವರ್ಷವೇ ಊರು ಬಿಟ್ಟಿದ್ದ, ಈಗ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ಆ ಹಾಳೆಯನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದರು.

ಅಧ್ಯಕ್ಷರು ಎಲ್ಲ ಕೇಳಿಸಿಕೊಂಡು ಎದ್ದು ಕೋಣೆಯ ಬಾಗಿಲು ಹಾಕಿದರು.

“ಸಾಕ್ಷಿ ಏನಿದೆ?”

“ನಾನೇ. ನಾನೇ ನಕಲು ಮಾಡಿದ್ದು. ಹಿಂಬದಿ ಬರೀಲಿಲ್ಲ.”

“ಆ ಕಾರ್ಡಿನ ಹಿಂದೆ ಕ್ಯಾಪ್ಟನ್ ಅಂತ ಇದ್ದದ್ದನ್ನ ನೀವು ನೋಡಿದ್ರಾ?”

“ತಿರುಗಿಸಿದ್ರೆ ತಾನೇ ನೋಡೋದು.”

“ನೋಡಿ, ನೀವು ಇವತ್ತು ಒಬ್ಬನ ಕಾರ್ಡಿಗೆ ಹಿಂಬದಿ ಇತ್ತು ಅಂದ್ರೆ ನಾಳೆ ಇಪ್ಪತ್ತಾರು ಜನಾನೂ ನಮ್ಮದಕ್ಕೂ ಇತ್ತು ಅಂತ ಬರ್ತಾರೆ. ಆ ಗುಂಡು ಎಸೆತದ ಕರ್ನಲ್ಲೂ ಬರ್ತಾನೆ. ನಿಮ್ಮ ಏಳು ವರ್ಷದ ಕೆಲಸ ನೀರು ಪಾಲು. ಕಲ್ಲು ಕೆತ್ತಿ ಆಗಿದೆ, ಸಾರ್ಜೆಂಟ್ ಅಂತಲೇ ಕೆತ್ತಿದಾರೆ. ಸಾರ್ಜೆಂಟ್ ಏನು ಕಡಿಮೆ ಪದವಿನಾ? ಸುಮ್ಮನಿದ್ದುಬಿಡಿ.”

ಅಧ್ಯಕ್ಷರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಗುಮಾಸ್ತರ ಸ್ಥಾನದಲ್ಲಿ ಬೇರೆ ಯಾರಿದ್ದರೂ ಗುಮಾಸ್ತರೇ ಅವರಿಗೆ ಇದೇ ಮಾತು ಹೇಳುತ್ತಿದ್ದರು. ಅವರು ತಲೆಯಾಡಿಸಿ ಹೊರಗೆ ಬಂದು, ಮನೆಗೆ ಹೋಗಿ ಬೀರುವಿನ ಬೀಗವನ್ನು ಬಿಚ್ಚಿಸಿಕೊಂಡು, ಅದನ್ನೂ ತಿರುಗದ ಆ ಕೈಯನ್ನೂ ಚೀಲದಲ್ಲಿ ಹಾಕಿ ಕ್ಯಾಪ್ಟನ್ ಅಂಗಡಿಗೆ ಹೋದರು.

ಬೋರ್ಡಿನ ಮೇಲೆ ಮೊದಲ ಪದದ ಜಾಗದಲ್ಲಿ ನೀಲಿ ಬಣ್ಣ ಬಳಿದಿತ್ತು. ಬಿಸಿಲು ಓರೆಯಾಗಿ ಬಿದ್ದದ್ದರಿಂದ ಅಡಿಯ ಅಕ್ಷರ ಉಬ್ಬಿ ಕಾಣುತ್ತಿತ್ತು. ಕ್ಯಾಪ್ಟನ್ ಬೀಗ ಕೈಗೆ ತೆಗೆದುಕೊಂಡು ಚೀಟಿಯ ಒಂದು ಬದಿಗೆ ಗುಮಾಸ್ತರ ಹೆಸರು ಬರೆದರು.

ಗುಮಾಸ್ತರು ನಿಂತುಕೊಂಡೇ ಎಲ್ಲ ಹೇಳಿದರು. ಸೋರಿದ ಸೂರು, ಹನ್ನೊಂದು ವಾರ, ಮುಂಬದಿ ಮಾತ್ರ, ಅಂಗಳದ ಬೆಂಕಿ. ಕ್ಯಾಪ್ಟನ್ ಅರವನ್ನು ಕೆಳಗಿಟ್ಟು ಕೇಳಿದರು.

“ಹಂಗಾದ್ರೆ ಸುಟ್ಟುಹೋಯ್ತು.”

“ಹೌದು. ಈಗ ನಾನು ಹಿಂಬದಿ ಬರೆದು ಸಹಿ ಹಾಕಿ ಕೊಡ್ತೀನಿ. ನೀವು ಹೇಳಿ, ಬರ್ಕೊತೀನಿ.” ಅವರು ನಕಲಿನ ಖಾಲಿ ಹಾಳೆಯನ್ನೂ ಪೆನ್ನನ್ನೂ ತಂದಿದ್ದರು. ಬೇರೆಯವರ ದಾಖಲೆಯಲ್ಲಿ ಒಂದು ಚುಕ್ಕೆ ಹೆಚ್ಚಾಗಿದ್ದರೂ ಹಿಡಿದುಹಾಕುತ್ತಿದ್ದ ಮನುಷ್ಯ ಆ ಮಾತು ಆಡಿದ್ದು ಅದೇ ಮೊದಲು.

“ಬೇಡ. ಈಗ ಬರೆದ್ರೆ ಅದೇ ಸುಳ್ಳಾಗುತ್ತೆ.”

ಗುಮಾಸ್ತರು ಪೆನ್ನನ್ನು ಜೇಬಿಗೆ ಹಾಕಿಕೊಂಡರು. ಕ್ಯಾಪ್ಟನ್ ಬೀಗವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಾ, ಅದಕ್ಕೇ ಹೇಳುವಂತೆ ಹೇಳಿದರು.

“ನಾನು ಲಾರಿ ಸಾಲು ನೋಡ್ಕೊಳ್ತಿದ್ದೋನು. ಸೇತುವೆ ಹತ್ರ ನಮ್ಮ ಕ್ಯಾಪ್ಟನ್ ಹೋದ್ರು. ಕಮಾಂಡರ್ ಬಂದು ಇನ್ಮೇಲೆ ನೀನೇ ಅಂದ್ರು. ನೂರಾ ಹನ್ನೆರಡು ಜನ ಇದ್ವಿ. ಹತ್ತೊಂಬತ್ತು ದಿನ ನಡೆದ್ವಿ. ಎಪ್ಪತ್ತಮೂರು ಜನ ಬಂದ್ವಿ. ಪದವಿ ನನಗೂ ಬೇಕಿರ್ಲಿಲ್ಲ. ಆ ಹುಡುಗರು ಬಿಡ್ಲಿಲ್ಲ. ಸೈನ್ಯ ವಾಪಸ್ ತೊಗೊಂಡ ಮೇಲೂ ಅವರು ಹಂಗೇ ಕರೀತಿದ್ರು. ಈ ಬೋರ್ಡ್ ಬರೆಸಿಕೊಟ್ಟೋರೂ ಅವರೇ. ಕೊನೇಯವನು ಹೋದ ವರ್ಷ ತೀರ್ಕೊಂಡ.”

ಗಿರಾಕಿಯೊಬ್ಬಳು ಬಂದು ಸೂಟ್‌ಕೇಸ್ ತೋರಿಸಿದಳು. ಕ್ಯಾಪ್ಟನ್ ಅವಳ ಕಡೆ ತಿರುಗಿದರು. ಗುಮಾಸ್ತರು ಬೀಗವನ್ನು ಅಲ್ಲೇ ಬಿಟ್ಟು ವಾಪಸು ಬಂದರು. ಸಂಘದಲ್ಲಿ ಬೋರ್ಡಿನ ಗಾಜು ಸರಿಸಿ ಆ ಇಪ್ಪತ್ತೇಳನೆಯ ಸಾಲನ್ನು ಕತ್ತರಿಸಿ ತೆಗೆದರು. ಆ ಜಾಗದಲ್ಲಿ ಒಂದು ಚೀಟಿ ಟೈಪು ಮಾಡಿ ಚುಚ್ಚಿದರು: ‘ಈ ಕಾರ್ಡಿನ ಹಿಂಬದಿಯನ್ನು ನಾನು ನಕಲು ಮಾಡಿರಲಿಲ್ಲ.’ ಕೆಳಗೆ ಸಹಿ. ಮಧ್ಯಾಹ್ನದ ಹೊತ್ತಿಗೆ ಅಧ್ಯಕ್ಷರು ಅದನ್ನು ತೆಗೆಸಿದರು. ಮಾರನೆಯ ದಿನ ಗುಮಾಸ್ತರು ಇನ್ನೊಂದು ಚುಚ್ಚಿದರು. ಅದನ್ನೂ ತೆಗೆಸಿದರು. ಯಾರೂ ಜಗಳವಾಡಲಿಲ್ಲ.

ಕಲ್ಲಿನ ಬಟ್ಟೆ ಸರಿಸುವ ದಿನ ಹೆಸರುಗಳನ್ನು ಓದುವ ಕೆಲಸ ಮೊದಲೇ ಗುಮಾಸ್ತರಿಗೆ ನಿಗದಿಯಾಗಿತ್ತು. ಬದಲಾಯಿಸಿದರೆ ಜನ ಕೇಳುತ್ತಾರೆಂದು ಅಧ್ಯಕ್ಷರು ಬದಲಾಯಿಸಲಿಲ್ಲ. “ಕಲ್ಲಲ್ಲಿ ಇರೋದನ್ನ ಇದ್ದ ಹಾಗೆ ಓದಿ, ಸಾಕು” ಎಂದಷ್ಟೇ ಹೇಳಿದ್ದರು. ಬೆಳಿಗ್ಗೆ ಹತ್ತು ಗಂಟೆ. ಬಾಡಿಗೆ ಕುರ್ಚಿ, ಎರಡು ಸ್ಪೀಕರು, ನೂರು ಜನ. ಕೊನೆಯ ಸಾಲಿನಲ್ಲಿ ಕ್ಯಾಪ್ಟನ್, ಪಕ್ಕದಲ್ಲಿ ಮಗಳು. ಮಗಳ ಬಲವಂತಕ್ಕೇ ಬಂದದ್ದೆಂದು ನೋಡಿದರೆ ಗೊತ್ತಾಗುತ್ತಿತ್ತು.

ಒಟ್ಟು ಹದಿನಾಲ್ಕು ಹೆಸರು. ಒಂಬತ್ತನೆಯದು ಬಂದಾಗ ಗುಮಾಸ್ತರು ಕಲ್ಲನ್ನು ನೋಡಲಿಲ್ಲ. “ಕ್ಯಾಪ್ಟನ್” ಎಂದು ಓದಿ, ಆಮೇಲೆ ಹೆಸರು ಓದಿದರು. ಮುಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. “ಕಲ್ಲಿನಲ್ಲಿ ಸಾರ್ಜೆಂಟ್ ಅಂತಿದೆ. ಅದು ನನ್ನ ತಪ್ಪು. ಇವರು ಹತ್ತೊಂಬತ್ತು ದಿನ ಕ್ಯಾಪ್ಟನ್ ಆಗಿದ್ದರು. ಅದು ಬರೆದಿದ್ದ ಹಿಂಬದಿಯನ್ನು ನಾನು...” ಎನ್ನುವಷ್ಟರಲ್ಲಿ ಮೈಕು ನಿಂತಿತು. ಅವರು ನಿಲ್ಲಿಸಲಿಲ್ಲ. ಬರಿಯ ದನಿಯಲ್ಲೇ ಹೇಳಿ ಮುಗಿಸಿ, ಉಳಿದ ಐದು ಹೆಸರನ್ನೂ ಓದಿ ಕೆಳಗಿಳಿದರು.

ಕುರ್ಚಿ ಮಡಚುವ ಹೊತ್ತಿಗೆ ಕ್ಯಾಪ್ಟನ್ ಹತ್ತಿರ ಬಂದರು. ಮಗಳು ದೂರದಲ್ಲೇ ನಿಂತಿದ್ದಳು. ಗುಮಾಸ್ತರನ್ನು ನೋಡಿ ಒಮ್ಮೆ ತಲೆ ಬಾಗಿಸಿದಳು.

“ನಿಮಗೆ ಕೇಳಿಸ್ತಾ?” ಎಂದರು ಗುಮಾಸ್ತರು.

“ಕೇಳಿಸ್ತು. ಮೈಕ್ ನಿಂತ ಮೇಲೂ ಕೇಳಿಸ್ತು.”

“ತಡ ಆಯ್ತು.”

“ತಡ ಆಯ್ತು” ಎಂದು ಕ್ಯಾಪ್ಟನ್ ಒಪ್ಪಿಕೊಂಡರು. “ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಇಷ್ಟು ವರ್ಷ ಯಾರು ಕ್ಯಾಪ್ಟನ್ ಅಂತ ಕರೆದ್ರೂ ನನಗೆ ಆ ಹುಡುಗರು ಕರೆದ ಹಾಗೇ ಕೇಳ್ತಿತ್ತು. ಗಿರಾಕಿ ಕರೀಲಿ, ಬೀದಿ ಮಕ್ಕಳು ಕರೀಲಿ, ಅವರದೇ ದನಿ. ಇವತ್ತು ನೀವು ಕರೆದಾಗ ನಿಮ್ಮ ದನಿ ಮಾತ್ರ ಕೇಳಿಸ್ತು.”

ಕ್ಯಾಪ್ಟನ್ ಜೇಬಿನಿಂದ ಬೀಗ ಮತ್ತು ಹೊಸ ಕೈ ತೆಗೆದು ಗುಮಾಸ್ತರ ಅಂಗೈಯಲ್ಲಿಟ್ಟು, “ಬೀಗದಲ್ಲಿ ಏನೂ ತೊಂದರೆ ಇರ್ಲಿಲ್ಲ. ಅವನು ಮಾಡಿದ ಕೈ ಸರಿ ಇರ್ಲಿಲ್ಲ ಅಷ್ಟೆ” ಎಂದು ಹೇಳಿ ಮಗಳ ಜೊತೆ ಹೊರಟುಹೋದರು.

ಮನೆಯಲ್ಲಿ ಬೀಗವನ್ನು ಬೀರುವಿಗೆ ಮತ್ತೆ ಕೂರಿಸಿದ ಮೇಲೆ ಅಕ್ಕ ಹೊಸ ಕೈ ಹಾಕಿ ತಿರುಗಿಸಿದಳು. ಬೀರು ತೆರೆದುಕೊಂಡಿತು. “ನೋಡು, ಇದಪ್ಪ ಕೈ ಅಂದ್ರೆ!” ಎಂದು ಖುಷಿಯಾಗಿ, ಮಡಿಸಿಟ್ಟ ಬಟ್ಟೆಗಳ ನಡುವೆ ಏನನ್ನೋ ಹುಡುಕತೊಡಗಿದಳು. ಗುಮಾಸ್ತರು ಬೀಗದ ಕೈಗೆ ಕಟ್ಟಿದ್ದ ಚೀಟಿಯನ್ನು ಬಿಚ್ಚಿಕೊಂಡು ಮಂಚದ ಅಂಚಿನಲ್ಲಿ ಕೂತರು. ಮುಂಬದಿಯಲ್ಲಿ ಅವರ ಹೆಸರು ಇತ್ತು. ತಿರುಗಿಸಿದರು. ಬಹಳ ಹೊತ್ತು ನೋಡುತ್ತಾ ಕೂತರು. ಅಳು ಬಂದಿದ್ದರೆ ಚೆನ್ನಾಗಿತ್ತು.

“ಏನೋ ಅದು, ಅಷ್ಟೊಂದು ನೋಡ್ತಿದೀಯ?”

“ಏನಿಲ್ಲಕ್ಕ” ಎಂದರು ಗುಮಾಸ್ತರು. “ಖಾಲಿ ಇದೆ.”